ಅರವತ್ಮೂರು ಮೈಕ್ರಾನ್

ಹರಿಹರದಲ್ಲಿ ಹರಿದ್ರೆ ಬಂದು ಹೊಳೆ ಸೇರುವಲ್ಲಿ
ಎರಡು ಬಣ್ಣ ಸ್ವಲ್ಪ ದೂರ ಪಕ್ಕಪಕ್ಕ ನಡೆಯುತ್ತವೆ
ಮಾತು ಬಿಟ್ಟ ಓರಗಿತ್ತಿಯರ ಹಾಗೆ.
ಸೂಳೆಕೆರೆ ಕಡೆಯದು ಗದ್ದೆ ತೊಳೆದ ನುಣ್ಣನೆ ರಾಡಿ,
ತುಂಗಭದ್ರೆಯದು ಅಷ್ಟಿಷ್ಟು ಉಳಿದ ಮರಳು.

ಹೊನ್ನೂರಪ್ಪ ಹರಿಗೋಲು ನಿಲ್ಲಿಸಿದ.
ತಸ್ಮಿಯಾ ಕೊಳವೆ ಇಳಿಸಿ ತಳದ ಕೆಸರು ಎತ್ತಿದಳು,
ಕೊಳೆತ ಮೊಟ್ಟೆಯ ವಾಸನೆ, ಕಾಡಿಗೆಯ ಕಪ್ಪು.
ಬಾಟಲಿಗೆ ಚೀಟಿ ಅಂಟಿಸುವುದು ನನ್ನ ಕೆಲಸ:
ಏಪ್ರಿಲ್ ಒಂಬತ್ತು. ಆಳ ಎದೆಮಟ್ಟ. ನೀರು ಮೂವತ್ತು ಡಿಗ್ರಿ.
ಆಮ್ಲಜನಕ, ಲೀಟರಿಗೆ ಎರಡು ಮಿಲಿಗ್ರಾಮೂ ಇಲ್ಲ.
'ಜರಡಿ ಎಷ್ಟನೇ ನಂಬರಮ್ಮ?'
ಅರವತ್ಮೂರು, ಅಂದೆ.
'ಪುರಾತನರ ಲೆಕ್ಕ' ಎಂದು ಕೈ ಮುಗಿದ,
ಕೆಸರಿಗೋ ಜರಡಿಗೋ ಕೇಳಲಿಲ್ಲ.

ಲ್ಯಾಬಿನ ನಲ್ಲಿಯ ಕೆಳಗೆ ಅದನ್ನು ಹಿಡಿದು ನಿಂತಾಗೆಲ್ಲ
ಅಪ್ಪನ ಬೆನ್ನು ನೆನಪಾಗುತ್ತದೆ.
ಗಾರೆ ದುರುಗಪ್ಪನ ಜರಡಿ ಮಂಚದಷ್ಟು ದೊಡ್ಡದು.
ಓರೆಯಾಗಿ ನಿಲ್ಲಿಸಿ ಸಲಿಕೆಯಲ್ಲಿ ಎರಚುತ್ತಿದ್ದ,
ಇಳಿದದ್ದು ಗಿಲಾವಿಗೆ, ನಿಂತದ್ದು ನನ್ನ ಆಟಕ್ಕೆ.
ಒಂದು ಹಿಡಿ ನನ್ನ ಕಿವಿಯ ಹತ್ತಿರ ತಂದು ಹಿಸುಕಿ
'ಕರಕರ ಅಂತತಾ? ಹಂಗಾರೆ ಗೋಡೆ ನಿಲ್ತತಿ.
ಸುಮ್ಕಿದ್ರೆ ಅದು ಮಣ್ಣು, ನಂಬಬ್ಯಾಡ.'

ಮೈಕ್ರೋಸ್ಕೋಪಿನಲ್ಲಿ ಅವನ ಕಸುಬಿನವರೇ ಸಿಕ್ಕರು.
ಒಂದೇ ಜೀವಕೋಶದ ಅಮೀಬಾ, ಬರಿ ಲೋಳೆ,
ಕಣ್ಣಿಲ್ಲ, ಕೈಯಿಲ್ಲ, ಮೇಸ್ತ್ರಿಯಿಲ್ಲ.
ಕಾಳು ಕಾಳು ಆರಿಸಿ, ಎಂಜಲಿನಂಥದ್ದು ಸವರಿ
ಹೂಜಿಯಂಥ ಮನೆ ಕಟ್ಟುತ್ತದೆ. ಬಾಗಿಲು ಒಂದೇ.
ಹೊಳೆ ಏನು ತಂದು ಹಾಕಿತೋ ಅದೇ ಇಟ್ಟಿಗೆ.

ಕಪಾಟಿನಲ್ಲಿ ಇಪ್ಪತ್ತೆಂಟು ವರ್ಷದ ಹಿಂದಿನ ಸ್ಲೈಡು,
ಇದೇ ಜಾಗದ್ದು, ನನ್ನದೇ ಕೈಬರಹ.
ಅದರಲ್ಲಿ ಮನೆಗಳು ಕಲ್ಲುಸಕ್ಕರೆ ಜೋಡಿಸಿದಂತೆ,
ಒಂದೊಂದು ಕಾಳೂ ಬೆಳಕು ಕುಡಿದು ಕೂತಿದೆ.
ಇವತ್ತಿನವು ತೆಳ್ಳಗೆ, ಮಬ್ಬು,
ಸತ್ತ ಪಾಚಿಯ ಗಾಜಿನ ಚೂರು ತೇಪೆ ಹಾಕಿದವು.
ಅದೇ ಪ್ರಾಣಿ ಮನೆ ಬದಲಿಸಿತೇ ಅಂದೆ.
'ಬೇರೆಯದೇ ಇರಬಹುದು ಮೇಡಂ,
ಎರಡು ಸ್ಲೈಡಿನ ಮೇಲೆ ಹಾಗೆಲ್ಲ ಹೇಳಕ್ಕಾಗಲ್ಲ.'
ಸರಿ. ಹೇಳುವುದಿಲ್ಲ.

ಆ ಮರಳು ಎಲ್ಲಿ ಹೋಯಿತು ಎಂದರೆ ಮಾತ್ರ ಹೇಳಬಲ್ಲೆ.
ನಿಟುವಳ್ಳಿಯಲ್ಲಿ ಅಪ್ಪ ಕಟ್ಟಿದ ನಮ್ಮ ಮನೆ,
ಎಂಟು ಲಾರಿ, ಹರಿಹರದ್ದು, ಲೆಕ್ಕದ ಪುಸ್ತಕ ಇನ್ನೂ ಇದೆ.
ಕ್ಯಾಲೆಂಡರಿನ ಮೊಳೆ ಕಿತ್ತರೆ
ಗೋಡೆ ಈಗಲೂ ಎರಡು ಹರಳು ಉದುರಿಸುತ್ತದೆ.

ಉಸಿರು ಕಡಿಮೆಯಾದಾಗ ಈ ಪ್ರಾಣಿ
ಬಾಗಿಲಿಗೆ ಕೆಸರಿನ ಬಿರಡೆ ಜಡಿದು ಒಳಗೆ ಉಂಡೆಯಾಗುತ್ತದೆ.
ಎಷ್ಟು ದಿನ? ನೀರಿಗೆ ಗೊತ್ತು.
ಭದ್ರಾ ನಾಲೆಗೆ ನೀರು ಬಿಟ್ಟ ವಾರ
ಒಂದು ಡಬ್ಬಿ ತುಂಬಿಸಿ ತಂದೆ, ಯಾರೂ ಹೇಳಿರಲಿಲ್ಲ.
ತಟ್ಟೆಗೆ ಹನಿ ಹನಿ ಬಿಟ್ಟೆ.
ಸೋಮವಾರ ಏನಿಲ್ಲ. ಮಂಗಳವಾರ ಏನಿಲ್ಲ.
ಬುಧವಾರ ನಲವತ್ತೊಂದರಲ್ಲಿ ಒಂದರ ಬಿರಡೆ
ಸ್ವಲ್ಪ ಸವೆದಂತಿತ್ತು, ಅಥವಾ ನನ್ನ ಕನ್ನಡಕ.

ತಸ್ಮಿಯಾ ಊಟಕ್ಕೆ ಹೋಗಿದ್ದಳು.
ಬಾಗಿಲು ಮುಂದಕ್ಕೆ ಎಳೆದೆ.
ಫ್ಯಾನು ಆರಿಸಿ
ತಟ್ಟೆಯನ್ನು ಕಿವಿಯ ಹತ್ತಿರ ತಂದೆ.