ಅಂಟಿದರೆ ಅಸಲಿ

ಬ್ಯಾಂಕಿನಲ್ಲಿ ನನ್ನದು ಒರೆ ಹಚ್ಚುವ ಕೆಲಸ.
ರಾಬರ್ಟ್‌ಸನ್‌ಪೇಟೆ ಶಾಖೆ, ಫ್ಯಾನಿನ ಗಾಳಿ ತಲುಪದ ಮೂಲೆ,
ಕರಿಕಲ್ಲು, ಆಸಿಡ್ಡಿನ ಪುಟ್ಟ ಸೀಸೆ,
ದಾರ ಕಟ್ಟಿದ ಒಂದು ಅಯಸ್ಕಾಂತ.
ಬಳೆಗೆ ಅದು ಅಂಟಿತೋ, ಸಾಲವಿಲ್ಲ.
ತಗೊಂಡು ಹೋಗಮ್ಮಾ ಎನ್ನುತ್ತೇನೆ
ಮುಖ ನೋಡದೆ.

ಸವರಿಮುತ್ತು ಆ ಅಯಸ್ಕಾಂತವನ್ನು
ಒಂದು ಭಾನುವಾರದ ಮಟ್ಟಿಗೆ ಕೇಳಿದ.
ಮೂವತ್ತೊಂದು ವರ್ಷ ಚಾಂಪಿಯನ್ ರೀಫಿನಲ್ಲಿ
ವೈಂಡಿಂಗ್ ಎಂಜಿನ್ ನಡೆಸಿದವನು,
ಆಳುಗಳನ್ನು ಪಾತಾಳಕ್ಕಿಳಿಸಿ ಎತ್ತಿದವನು.
ಕಬ್ಬಿಣ ಹುಡುಕೋಕೆ, ಅಂದ.
ನಾನು ನಕ್ಕೆ: ಚಿನ್ನದ ಊರಲ್ಲಾ?

ಅವನ ಲೈನು ಮನೆಯ ತಗಡಿನ ಗೋಡೆಗೆ,
ಮಳೆ ಸೋರುವ ಕಡೆ ಬಿಟ್ಟು,
ಗಾಜಿನ ಪೆಟ್ಟಿಗೆ. ಒಳಗೆ ನೀಲಿ ವೆಲ್ವೆಟ್ಟು,
ಫಿಲೋಮಿನಾಳ ಮದುವೆ ರವಿಕೆಯದು.
ಅದರ ಮೇಲೆ ಕರಿ ಶಿಲುಬೆಗಳು, ಅಂಚಿಗೆ ಬೆಳ್ಳಿ,
ಸಾವಿರದ ಒಂಬೈನೂರ ಹದಿನಾಲ್ಕು ಎಂಬ ಅಂಕಿ,
ಕಪ್ಪುಬಿಳಿ ಪಟ್ಟಿ ಮಾಸಿ ಚಹಾ ಬಣ್ಣ;
ಹೆಲ್ಮೆಟ್ಟಿಲ್ಲದ ಒಂದು ಹಿತ್ತಾಳೆ ಮೊನೆ,
ತಲೆ ಎಲ್ಲಿ ಹೋಯಿತೋ.

ಬಂದವರೆಲ್ಲ ಕೇಳುವುದು ಒಂದೇ:
ಆ ಮೊಟಕು ಮೀಸೆಯವನದಾ?
ಅಲ್ಲಪ್ಪ, ಅದಕ್ಕೂ ಮುಂಚಿನದು,
ಮೀಸೆ ಮೇಲಕ್ಕೆ ತಿರುವಿದ್ದವನ ಕಾಲದ್ದು.
ಪಾದ್ರಿಗಳಿಗೆ ಶಿಲುಬೆಯೆಂದು ಸಂತೋಷ,
ಮೊಮ್ಮಗನಿಗೆ ಓಟದಲ್ಲಿ ಗೆದ್ದ ಪದಕ.

ಯಾಕಣ್ಣಾ ಎಂದರೆ
ಒಮ್ಮೊಮ್ಮೆ ಒಂದೊಂದು ಹೇಳುತ್ತಾನೆ.
ಕೈಯಲ್ಲಿಟ್ಟರೆ ತಣ್ಣಗಿರುತ್ತೆ, ಅಂದ ಮೊದಲು.
ಆಮೇಲೆ, ಹಿಂದುಗಡೆ ಯಾರೋ ಸೂಜಿಯಲ್ಲಿ ಹೆಸರು ಗೀಚಿದ್ದಾರೆ,
ನಂಗೆ ಓದೋಕೆ ಬರಲ್ಲ, ಅದಕ್ಕೇ.
ಇನ್ನೊಮ್ಮೆ ಗುಂಡು ಹಾಕಿದ್ದಾಗ:
ಕೊಟ್ಟ ರಾಜನೂ ಇಲ್ಲ, ಅವನ ರಾಜ್ಯವೂ ಇಲ್ಲ,
ನಮ್ಮ ಸರ್ವಿಸ್ ಸರ್ಟಿಫಿಕೇಟಿನ ಹಾಗೆ.
ಯಾರಾದ್ರೂ ಒರೆಸಿ ಇಡಬೇಡವಾ?
ಮರುದಿನ ಕೇಳಿದರೆ
ಹಂಗಂದ್ನಾ, ಹುಚ್ಚು, ಅಂದುಬಿಟ್ಟ.

ಭಾನುವಾರ, ಅವರ ಪೂಜೆ ಮುಗಿದ ಮೇಲೆ
ಒಂದೊಂದಕ್ಕೂ ಅಯಸ್ಕಾಂತ ಹಿಡಿದೆವು.
ಅವನ ಲೆಕ್ಕ ನನ್ನದಕ್ಕೆ ತಲೆಕೆಳಗು:
ಅಸಲಿಗೆ ಹೊಟ್ಟೆಯೊಳಗೆ ಕಬ್ಬಿಣ,
ಅಂಟದಿದ್ದರೆ ಈಚೆಗೆ ಅಚ್ಚು ಹೊಯ್ದ ನಕಲಿ.
ಟಕ್. ಟಕ್. ಪ್ರತಿ ಸಲವೂ
ಗೋಲಿ ಗೆದ್ದ ಹುಡುಗನಂತೆ ನನ್ನ ಬೆನ್ನು ಗುದ್ದಿದ.
ಎರಡು ಅಂಟಲಿಲ್ಲ. ಅವನ್ನು ತೆಗೆಯಲೂ ಇಲ್ಲ.
ಇರಲಿ, ಬಂದುಬಿಟ್ಟಿವೆಯಲ್ಲ.

ಕೊನೆಯದು ಒಂದು ಬ್ರೋಚು, ಕರ್ರಗೆ, ಕಾಸಿನಗಲ,
ಸುತ್ತ ಅಕ್ಷರ. ಯುದ್ಧದ ಖರ್ಚಿಗೆಂದು
ಅಲ್ಲಿನ ಹೆಂಗಸರು ಸರ, ಉಂಗುರ ಬಿಚ್ಚಿ ಕೊಟ್ಟರಂತೆ,
ಬದಲಿಗೆ ಇದು. ಏನು ಬರೆದಿದೆ ಎಂದೆ.
ಚಿನ್ನ ಕೊಟ್ಟೆ, ಕಬ್ಬಿಣಕ್ಕೆ.
ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.
ಹೋದ ಶುಕ್ರವಾರ ನಾನೇ ತೂಗಿದ್ದೆ
ಫಿಲೋಮಿನಾಳ ಸರ, ಹದಿನೆಂಟು ಗ್ರಾಂ ಚಿಲ್ಲರೆ.
ಸಾಲದ ಕಾರಣ: ಕಣ್ಣಿನ ಆಪರೇಷನ್,
ಬರೆದದ್ದೂ ನಾನೇ.

ಪೆಟ್ಟಿಗೆಯ ಕೆಳಸಾಲಿನಲ್ಲಿ
ಒಂದು ಮೊಳೆ, ಅದರಲ್ಲಿ ಏನೂ ಇಲ್ಲ.
ಗಣಿಗಿಳಿಯುವಾಗ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು
ಮೇಲೆ ಬಂದು ಮತ್ತೆ ಮೊಳೆಗೆ ಹಾಕಬೇಕಿತ್ತು ಆಗ;
ಮೊಳೆ ಖಾಲಿಯಿದ್ದರೆ ಆಳು ಇನ್ನೂ ಕೆಳಗಿದ್ದಾನೆ.
ಅಪ್ಪಂದು, ಅಂದ. ಬಂಡೆ ಸಿಡಿದ ರಾತ್ರಿ ಪಾಳಿ.
ಬೋರ್ಡು ಗುಜರಿಗೆ ಹೋಗುವಾಗ ಕಿತ್ತುಕೊಂಡು ಬಂದೆ.

ನನ್ನ ಕೈಯ ಅಯಸ್ಕಾಂತ
ನಾನೇ ಹತ್ತಿರ ಒಯ್ದೆನೋ, ಅದೇ ಎಳೆಯಿತೋ,
ಟಕ್ಕೆಂದು ಮೊಳೆಗೆ ಅಂಟಿ ನೇತಾಡಿತು.
ಬಿಡಿಸಲು ಹೋದೆ. ಇರಲಿ ಬಿಡು ಸ್ವಲ್ಪ ಹೊತ್ತು, ಅಂದ.
ಹೊರಗೆ ಸೈನೈಡ್ ದಿಬ್ಬದ ಧೂಳು ಗಾಳಿಗೆದ್ದು
ತಗಡಿನ ಮೇಲೆ ಸಣ್ಣಗೆ ಉದುರುತ್ತಿತ್ತು.
ಫಿಲೋಮಿನಾ ಎರಡು ಲೋಟ ಟೀ ತಂದಿಟ್ಟು
ಗಂಡನನ್ನಲ್ಲ, ನನ್ನನ್ನು ಕೇಳಿದಳು,
ಇವತ್ತು ಗ್ರಾಂಗೆ ಎಷ್ಟು?