ಅರ್ಧವೇ ಸಾಕು

ಮೂರು ವಾರದಿಂದ ಒಂದೇ ದೂರು:
ಕೆಳಗೆ ಅಡುಗೆಮನೆಯಲ್ಲಿ ಹೇಗೋ ಬರುತ್ತದೆ,
ಮೇಲಿನ ಬಚ್ಚಲಿಗೆ ಏರುವಷ್ಟರಲ್ಲಿ
ನಾರ್ಥಾಂಪ್ಟನ್ನಿನ ನೀರಿಗೆ ಏದುಸಿರು.
"ಇದಕ್ಕಿಂತ ಚೊಂಬಲ್ಲಿ ಹುಯ್ಕೊಳ್ಳೋದೇ ವಾಸಿ!"
ತಲೆ ತುಂಬ ನೊರೆ ಹೊತ್ತು, ಕಣ್ಣು ಮುಚ್ಚಿಕೊಂಡೇ
ವಾರಿಜ ಕೂಗುತ್ತಾಳೆ. ರಾತ್ರಿಪಾಳಿ ಮುಗಿಸಿ ಬಂದವಳು,
ಮೈಗೆ ಇನ್ನೂ ಆಸ್ಪತ್ರೆಯ ವಾಸನೆ.

ಮೊದಲು ಶವರಿನ ತಲೆ ಬಿಚ್ಚಿದೆ.
ತೂತುಗಳಲ್ಲೆಲ್ಲ ಸುಣ್ಣ, ಅಜ್ಜಿಯ ಎಲೆಡಬ್ಬಿಯಂತೆ.
ರಾತ್ರಿಯೆಲ್ಲ ವಿನೆಗರಿನಲ್ಲಿ ನೆನೆಸಿಟ್ಟೆ,
ಹಳೆಯ ಟೂತ್‌ಬ್ರಷ್ಷಿನಲ್ಲಿ ತಿಕ್ಕಿದೆ.
ಮನೆಯೆಲ್ಲ ಉಪ್ಪಿನಕಾಯಿ ಕೆಟ್ಟ ವಾಸನೆ; ನೀರು ಮಾತ್ರ
ಅಷ್ಟೇ.

ಪಕ್ಕದ ಮನೆಯ ಡೆಸ್ಮಂಡ್ ಬೇಲಿಯಾಚೆಯಿಂದ
ಸ್ಟಾಪ್‌ಕಾಕ್ ನೋಡಿದೆಯಾ ಎಂದ.
ನೋಡಿರಲಿಲ್ಲ. ಎಲ್ಲಿದೆಯೆಂದೇ ಗೊತ್ತಿರಲಿಲ್ಲ.
ಮನೆ ಕೊಂಡು ಒಂದೂವರೆ ವರ್ಷ.

ಮೆಟ್ಟಿಲ ಕೆಳಗಿನ ಗೂಡಿನಿಂದ
ವ್ಯಾಕ್ಯೂಮ್ ಕ್ಲೀನರ್ ಎಳೆದೆ, ಛತ್ರಿ, ಗಾಲಿ ಮುರಿದ ಸೂಟ್‌ಕೇಸು,
ಹಿಂದಿನವರು ಬಿಟ್ಟುಹೋದ ಬಣ್ಣದ ಡಬ್ಬಿ.
ಮಂಡಿಯೂರಿ, ಟಾರ್ಚು ಹಲ್ಲಲ್ಲಿ ಕಚ್ಚಿ
ಜೇಡರ ಬಲೆ ಸರಿಸಿದರೆ
ಹಿತ್ತಾಳೆಯ ತಿರುಪು. ಅದರ ಕೊರಳಿಗೆ ದಾರ,
ದಾರಕ್ಕೊಂದು ಕಂದು ಚೀಟಿ, ಪೆನ್ಸಿಲಿನ ಇಂಗ್ಲಿಷು:
ಅರ್ಧವೇ ಸಾಕು. ರಾನ್ ಮಲಗಿದ್ದಾನೆ.

ಯಾರೋ ರಾನ್. ಎಂದೋ ಮಲಗಿದ್ದ.
ಎಣ್ಣೆ ಬಿಟ್ಟು, ಬಟ್ಟೆ ಸುತ್ತಿ, ಜಗ್ಗಿ ತಿರುಗಿಸಿದೆ:
ಒಂದು, ಎರಡು, ಎರಡೂವರೆ ಸುತ್ತು.
ಗೋಡೆಯೊಳಗೆ ಏನೋ ಸರ್ರನೆ ಎದ್ದು ಓಡಿತು.

ಅಂದು ಅವಳು ಮುಕ್ಕಾಲು ಗಂಟೆ ಮಿಂದಳು.
ಕೂದಲಿನ ಕೊನೆಯ ನೊರೆಯೂ ಹೋಗಿ
ಕೆಂಪಗೆ ಹೊರಬಂದು ಭೇಷ್ ಅಂದಳು.
ನಾನು ಸ್ಪ್ಯಾನರ್ ಒರೆಸುತ್ತಾ ನಿಂತೆ,
ಗದೆ ಹಿಡಿದವನ ಗತ್ತಿನಲ್ಲಿ.

ಪರದೆ ಎಳೆದು ಮಲಗಿದಳು.
ಹನ್ನೊಂದಕ್ಕೆ ಕಾಫಿ ಲೋಟ ತೊಳೆದು
ನಲ್ಲಿ ನಿಲ್ಲಿಸಿದೆ.
ಧಡ್! ಧಡಧಡ್!
ಗೋಡೆಯೊಳಗೆ ಯಾರೋ ಒನಕೆ ಹಿಡಿದು ಕುಟ್ಟಿದಂತೆ
ಕೆಳಗಿಂದ ಮೇಲಕ್ಕೆ, ನೇರ ಅವಳ ತಲೆದಿಂಬಿನವರೆಗೆ.
ಫ್ಲಶ್ ಮಾಡಿದರೆ, ಮತ್ತೆ.
ವಾಷಿಂಗ್ ಮೆಷೀನು ನೀರು ಕುಡಿದು ಬಾಯಿ ಮುಚ್ಚಿದಾಗಲೆಲ್ಲ, ಮತ್ತೆ.

ಕೆದರಿದ ತಲೆಯಲ್ಲಿ ಇಳಿದು ಬಂದಳು.
ಬೈಯಲಿಲ್ಲ. ಗೂಡಿನೆದುರು ಕುಕ್ಕರುಗಾಲಲ್ಲಿ ಕೂತು
ಚೀಟಿಯನ್ನು ಎರಡು ಸಲ ಓದಿದಳು.
"ಇವಂದೂ ರಾತ್ರಿಪಾಳಿ," ಎಂದಳು,
ನೆಂಟನೊಬ್ಬನ ಸುದ್ದಿ ಹೇಳುವ ದನಿಯಲ್ಲಿ.

ತಿರುಪನ್ನು ತಾನೇ ಹಿಂದಕ್ಕೆ ತಿರುಗಿಸಿ,
ನನ್ನನ್ನು ನಲ್ಲಿಗೆ ಅಟ್ಟಿ, ಕಿವಿಗೊಟ್ಟು,
ಇನ್ನೊಂದಿಷ್ಟು ತಿರುಗಿಸಿ,
ನನ್ನ ಜೇಬಿನ ಪೆನ್ನು ಕಿತ್ತುಕೊಂಡು
ರಾನ್‌ನ ಕೆಳಗೆ ಕನ್ನಡದಲ್ಲಿ ಬರೆದಳು:
ತಲೆಸ್ನಾನದ ದಿನ ಮಾತ್ರ ಪೂರ್ತಿ.