ಎರಡನೆಯ ಗೆಣ್ಣು

ರೆಕ್ಕೆ ಚಾಚಿಯೇ ಕೂತರೆ ಏರೋಪ್ಲೇನ್ ಚಿಟ್ಟೆ,
ಮಡಚಿ ಬೆನ್ನಮೇಲಿಟ್ಟುಕೊಂಡರೆ ಸೂಜಿಚಿಟ್ಟೆ.
ಇಷ್ಟು ಕಲಿಯಲು ನನಗೊಂದು ಬೇಸಿಗೆ ಹಿಡಿಯಿತು.
ಕಲಿಸಿದವಳು ಡಿಂಪ್ನಾ. ಓಮಾ ಪಟ್ಟಣದಲ್ಲಿ
ಹಲ್ಲಿನ ಡಾಕ್ಟರ ಬಳಿ ಎಕ್ಸ್‌ರೇ ತೆಗೆಯುತ್ತಾಳೆ,
ನೆರಳಿನೊಳಗಿನ ನೆರಳು ಅವಳಿಗೆ ಕಾಣುತ್ತದೆ.
ನಾನು ಟ್ರ್ಯಾಕ್ಟರ್ ರಿಪೇರಿಯವನು. ನನಗೆ ಕಾಣುವುದು
ನೀಲಿ, ಮತ್ತೊಂದು ನೀಲಿ, ಮತ್ತೂ ಒಂದು ನೀಲಿ.

"ನೀಲಿ ಬಿಡು, ಬೆನ್ನು ನೋಡು," ಅನ್ನುತ್ತಾಳೆ,
"ಎರಡನೆಯ ಗೆಣ್ಣು. ಹೆಸರಿರೋದು ಅಲ್ಲಿ."
ಕರಿ ಕುದುರೆಲಾಳ ಇದ್ದರೆ ಒಂದು ಜಾತಿ,
ಅಣಬೆ ಇದ್ದರೆ ಇನ್ನೊಂದು,
ಕಾಲುಳ್ಳ ವೈನ್ ಬಟ್ಟಲಿದ್ದರೆ ಮಗದೊಂದು.
ಬಿದಿಗೆ ಚಂದ್ರ ಅಂಗಾತ ಮಲಗಿದ್ದರೆ...
ಅಲ್ಲಿಗೆ ಅವಳ ಮಾತು ನಿಲ್ಲುತ್ತದೆ.
ಎಳ್ಳುಕಾಳಿಗಿಂತ ಕಿರಿದು, ಆ ಚಂದ್ರ.

ಸೋಮವಾರ ಜೆಸಿಬಿ ಬರುತ್ತದೆ.
ಕೆರೆಯ ಪಡುವಣ ದಂಡೆ ಸೀಳಿ ನೀರು ಬಿಡುತ್ತಾರೆ.
ಪೀಟ್ ಮಣ್ಣು ಒಣಗಬೇಕು, ಚೀಲ ತುಂಬಬೇಕು,
ಯಾರದೋ ಬಾಲ್ಕನಿಯ ಕುಂಡಕ್ಕೆ ಹೋಗಬೇಕು.
ಆ ಜೆಸಿಬಿಗೆ ಹೊಸ ಹೈಡ್ರಾಲಿಕ್ ಪೈಪು ಹಾಕಿದವನು ನಾನೇ,
ದುಡ್ಡು ಇನ್ನೂ ಬಂದಿಲ್ಲ.
ಚಂದ್ರ ಸಿಕ್ಕರೆ ಕೌನ್ಸಿಲ್ಲಿನವರು ತಡೆಯುತ್ತಾರಂತೆ.
ಒಂದು ಫೋಟೊ ಸಾಕಂತೆ.

ಶನಿವಾರ. ಬೂಟಿನೊಳಗೆ ಕರಿನೀರು.
ಮೂರು ಗಂಟೆ ಮೋಡ ನೋಡಿದ ಮೇಲೆ
ಹನ್ನೊಂದು ನಿಮಿಷ ಬಿಸಿಲು.
ಹೊಟ್ಟೆಯಡಿ ನೆಲ ಜೌಗು, ಮೊಣಕೈ ಇಳಿಯುತ್ತಿದೆ,
ಅವಳು ಉಸಿರು ಬಿಗಿಹಿಡಿದು ತೆಗೆದಳು, ಹದಿನಾಲ್ಕು.
ಬಿಸಿಲು ಹೋಯಿತು. ಹುಳವೂ,
ಜೇಬಿನಿಂದ ಬಿದ್ದ ಮೊಳೆಯ ಹಾಗೆ, ಹುಲ್ಲಿನೊಳಗೆ.

ಹದಿನಾಲ್ಕರಲ್ಲೂ ಕಣ್ಣು ಸ್ಪಷ್ಟ,
ಕಾಲಿನ ಮುಳ್ಳುಮುಳ್ಳು ಕೂದಲು ಸ್ಪಷ್ಟ,
ಎರಡನೆಯ ಗೆಣ್ಣಿಗೆ ಸರಿಯಾಗಿ ಅಡ್ಡ ಬಂದ
ಒಂದು ಜಂಬುಹುಲ್ಲು,
ಅದರ ನರನರವೂ ಸ್ಪಷ್ಟ.

"ನಾನು ಕಂಡೆ," ಅಂದೆ. "ನಾನಿದ್ದ ಕಡೆಯಿಂದ ಕಂಡಿತು. ಚಂದ್ರ."
ದಿನಕ್ಕೆ ಮೂರು ಸಲ ಹಲ್ಲುಜ್ಜುತ್ತೇನೆ ಅನ್ನುವ ಹುಡುಗನನ್ನು
ನೋಡುವ ಹಾಗೆ ನೋಡಿದಳು.
"ಕೊಂಬು ಯಾವ ಕಡೆಗಿತ್ತು? ತಲೆಗೋ, ಬಾಲಕ್ಕೋ?"

ನಮ್ಮ ಹಳೆಯ ಭಾಷೆಯಲ್ಲಿ ಈ ಹುಳಕ್ಕೆ ದೊಡ್ಡಸೂಜಿ ಎಂದು ಹೆಸರು.
ಸುಳ್ಳಾಡುವ ಮಕ್ಕಳ ಬಾಯಿ ಹೊಲಿಯುತ್ತದೆ ಅನ್ನುತ್ತಿದ್ದಳು ಅಜ್ಜಿ.
ಬಾಯಿಗೆ ಅಂಗೈ ಒತ್ತಿಕೊಂಡೇ
ಈ ದಂಡೆ ದಾಟುತ್ತಿದ್ದೆ, ಏಳು ವರ್ಷದವನು.
ಈಗ ನಲವತ್ತಾರು.
ತುಟಿ ಬಿಚ್ಚಲಿಲ್ಲ.

ಅವಳು ಪೆನ್ಸಿಲ್ ನೆಕ್ಕಿ ಪುಸ್ತಕದಲ್ಲಿ ಬರೆದಳು:
ತಾರೀಖು, ವೇಳೆ, ಗಾಳಿ ನೈಋತ್ಯದಿಂದ.
ನೀಲಿ ಗಂಡು, ಒಂದು. ಗುರುತು ಸಿಕ್ಕಿಲ್ಲ.
"ಕಾಣದ ಹುಳುಕಿಗೆ ಹಲ್ಲು ಕೀಳೋದಿಲ್ಲ ಮ್ಯಾಲಕಿ," ಅಂದಳು,
ಕೋಪವಿಲ್ಲದೆ; ಆಮೇಲೆ ಲೆನ್ಸಿನ ಮುಚ್ಚಳ ಹುಡುಕಿದೆವು,
ಸಿಗಲಿಲ್ಲ.

ನಾಳೆ ಎರಡರಿಂದ ನಾಲ್ಕರವರೆಗೆ ಬಿಸಿಲಿರಬಹುದಂತೆ.
ಅವಳು ಬ್ಯಾಟರಿ ಚಾರ್ಜಿಗೆ ಹಾಕಿರುತ್ತಾಳೆ.
ನಾನು ಹಾಸಿಗೆಯಲ್ಲಿ ಎಚ್ಚರವಾಗಿದ್ದೇನೆ.
ಆ ಪೈಪಿನ ನಟ್ಟಿಗೆ
ಇನ್ನರ್ಧ ಸುತ್ತು ಬೇಕಿತ್ತು.
ನನಗೆ ಆಗಲೇ ಗೊತ್ತಿತ್ತು, ಈಗಲೂ ಗೊತ್ತು.
ಇದನ್ನು ಅವಳ ಪುಸ್ತಕದ ಯಾವ ಕಾಲಮ್ಮಿನಲ್ಲಿ ಬರೆಯುವುದು?